ರೆಪ್ಪೆಯ ಗೊಂಬೆ

ಗೊಂಬೆಯ ಹಣೆಯ ಬಲಗಡೆಯ ಹೊಲಿಗೆ ಪೂರ್ತಿ ಬಿಚ್ಚಿಯಾಗಿತ್ತು. ಎಡಗಡೆಯದು ಇನ್ನೂ ಉಳಿದಿತ್ತು. ಬಾಗಿಲಿಗೆ ಬೆನ್ನು ಮಾಡಿ, ಹೊಲಿಗೆಯಂತ್ರದ ಮರೆಯಲ್ಲಿ ಕೂತು, ಗೊಂಬೆಯನ್ನು ಮಡಿಲಲ್ಲಿ ಅಡಗಿಸಿಕೊಂಡು, ಬ್ಲೇಡಿನ ಮೂಲೆಯಿಂದ ಒಂದೊಂದೇ ಎಳೆ ಕತ್ತರಿಸುತ್ತಿದ್ದೆ. ನಾನೇ ಹಾಕಿದ ಹೊಲಿಗೆ. ಇಷ್ಟು ಗಟ್ಟಿಯಾಗಿ ಯಾಕೆ ಹಾಕಿದ್ದೆನೋ ಎಂದು ನನ್ನ ಕೈಯನ್ನು ನಾನೇ ಬೈದುಕೊಂಡೆ.

"ಆಯ್ತೇನಮ್ಮಾ?" ಹಜಾರದಿಂದ ಅತ್ತೆಯ ಕೂಗು. "ಹತ್ತೂಕಾಲಿನ ಬಸ್ಸು ತಪ್ಪಿದ್ರೆ ಮುಂದಿನದು ಹನ್ನೊಂದಕ್ಕೆ. ಅಷ್ಟೊತ್ತಿಗೆ ನನ್ನ ಕುದುರೆ ಹತ್ರ ಕಾಲಿಡೋಕೂ ಜಾಗ ಇರಲ್ಲ."

ಅತ್ತೆಯ ಕುದುರೆ ಮರದ್ದು. ಅವರು ಮೂವತ್ತೆರಡು ವರ್ಷ ನರ್ಸ್ ಆಗಿದ್ದ ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿತ್ತು. ಊರಲ್ಲಿ ಹೊಸದಾಗಿ ಆಟಿಕೆಗಳ ಮ್ಯೂಸಿಯಂ ತೆರೆದಾಗ ಆಸ್ಪತ್ರೆಯವರು ಅದನ್ನು ಅಲ್ಲಿಗೆ ಕೊಟ್ಟುಬಿಟ್ಟಿದ್ದರು. ನೋಡಿಕೊಂಡು ಬರೋಣ ಎಂದು ಅತ್ತೆ ಆರು ತಿಂಗಳಿಂದ ಹೇಳುತ್ತಲೇ ಇದ್ದರು. ನಾನು ಒಮ್ಮೆ ಸ್ಕೂಲ್ ಯೂನಿಫಾರಂ ಆರ್ಡರು, ಒಮ್ಮೆ ತಲೆನೋವು, ಒಮ್ಮೆ ಮಗಳ ಕೆಮ್ಮು ಎಂದು ನೆಪ ಹೇಳುತ್ತಾ ಬಂದಿದ್ದೆ. ಈಗ ಶಾಲೆಯಿಂದಲೇ ಚೀಟಿ ಬಂದಿತ್ತು. ಪ್ರತಿ ಮಗುವೂ ಮ್ಯೂಸಿಯಂ ನೋಡಿ, ಯಾವುದಾದರೂ ಒಂದು ಆಟಿಕೆಯ ಚಿತ್ರ ಬರೆದು ತರಬೇಕಂತೆ. ನನ್ನ ನೆಪಗಳೆಲ್ಲ ಮುಗಿದಿದ್ದವು. ಉಳಿದದ್ದು ಈ ಬ್ಲೇಡು.

ಗೊಂಬೆ ಮಗಳದು. ಆರು ವರ್ಷದ ನನ್ನ ಮಗಳನ್ನು ಮನೆಯಲ್ಲಿ ಎಲ್ಲರೂ ಗುಬ್ಬಿ ಎನ್ನುತ್ತೇವೆ. ಅವಳಿಗೆ ಎರಡು ತುಂಬಿದಾಗ ಚೂರು ಬಟ್ಟೆ ಸೇರಿಸಿ ಇದನ್ನು ಹೊಲಿದುಕೊಟ್ಟಿದ್ದೆ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತ್ತು. ಕಪ್ಪು ಗುಂಡಿಯ ಎರಡು ಕಣ್ಣು. ಹಣೆಯಿಂದ ಕಣ್ಣಿನ ಮೇಲೆ ಇಳಿಬೀಳುವ ಎರಡು ಪದರದ ಬಟ್ಟೆ. ಬಟ್ಟೆಯ ತುದಿಗೊಂದು ಕುಣಿಕೆ, ಅದನ್ನು ಸಿಕ್ಕಿಸಲು ಗಲ್ಲದ ಕೆಳಗೊಂದು ಗುಂಡಿ. ಎಳೆದು ಸಿಕ್ಕಿಸಿದರೆ ಗೊಂಬೆಯ ಕಣ್ಣು ಮುಚ್ಚುತ್ತದೆ. ಬಿಚ್ಚಿ ಎತ್ತಿದರೆ ತೆರೆಯುತ್ತದೆ. ನಮ್ಮವರು ಆ ಬಟ್ಟೆಗೆ ರೆಪ್ಪೆ ಎನ್ನುತ್ತಾರೆ. ಹೊಲಿದು ಮುಗಿಸಿದ ಮೇಲೆಯೇ ನಾನು ಏನು ಮಾಡಿಬಿಟ್ಟೆ ಎಂದು ನನಗೆ ಹೊಳೆದದ್ದು. ಅಷ್ಟರಲ್ಲಿ ಮಗು ಅದನ್ನು ಎದೆಗೆ ಅವಚಿಕೊಂಡಾಗಿತ್ತು.

ನಮ್ಮವರು ಎಂದರೆ ಸುಣ್ಣದ ಗೂಡಿನವರು. ಊರಾಚೆ ಕಲ್ಲು ಸುಟ್ಟು ಸುಣ್ಣ ಮಾಡುವವರು. ಈ ಮನೆಯಲ್ಲಿ ಅದು ಯಾರಿಗೂ ಗೊತ್ತಿಲ್ಲ. ನನ್ನ ಗಂಡನಿಗೂ.

ಹತ್ತನೆಯ ವಯಸ್ಸಿಗೆ ಅವ್ವ ನನ್ನನ್ನು ಹಾಸ್ಟೆಲಿಗೆ ಬಿಟ್ಟಳು. ಅಲ್ಲಿಂದ ಗಾರ್ಮೆಂಟ್ಸ್ ಕೆಲಸ, ಅಲ್ಲಿಂದ ಮದುವೆಯ ಮಾತು. ಅತ್ತೆ ನನ್ನನ್ನು ನೋಡಲು ಬಂದ ದಿನ ತಮ್ಮ ವಾರ್ಡಿನ ಕಥೆ ಹೇಳುತ್ತಿದ್ದರು. "ಆ ಗೂಡಿನವರನ್ನ ಕಂಡ್ರೆ ನನಗೆ ಮೈಯೆಲ್ಲ ಉರಿಯುತ್ತೆ. ಮಗೂನ ಗೂಡಿನ ಬಾಯಲ್ಲಿ ಆಡೋಕೆ ಬಿಡೋದು, ಕಣ್ಣಿಗೆ ಸುಣ್ಣ ಬಿದ್ದ ಮೇಲೆ ಎಣ್ಣೆ ಹುಯ್ಕೊಂಡು ಓಡಿ ಬರೋದು. ಅವರೂ ತಾಯಂದಿರೇ?" ಎಂದು ಮುಗಿಸಿ, ಅದೇ ಉಸಿರಿನಲ್ಲಿ, "ನಿಮ್ಮ ತಾಯಿ ಎಲ್ಲಿದ್ದಾರಮ್ಮಾ?" ಎಂದು ಕೇಳಿದರು.

"ಇಲ್ಲ" ಎಂದೆ. ಒಂದು ಮಾತು. ಅದನ್ನು ಹೊತ್ತುಕೊಂಡು ಒಂಬತ್ತು ವರ್ಷವಾಯಿತು.

ಆ ವಾರವೇ ಅವ್ವನ ಬಳಿ ಹೋಗಿ ಹೇಳಿದೆ. ಅವಳು ಒಲೆಯ ಮುಂದಿನಿಂದ ಏಳದೆ, "ಸರಿಯಾಗೇ ಹೇಳಿದೀಯ. ಇಲ್ಲ ಅಂತಾನೇ ಇರಲಿ. ನೀನು ಚೆನ್ನಾಗಿರು" ಎಂದಳು. ಆಮೇಲೆ ವರ್ಷಕ್ಕೆ ಎರಡು ಸಲ, ಬಟ್ಟೆ ತರುವ ನೆಪದಲ್ಲಿ ಹೋಗಿ ಬರುತ್ತಿದ್ದೆ. ಏಳು ತಿಂಗಳ ಹಿಂದೆ ಪಕ್ಕದ ಮನೆಯವರ ಫೋನಿನಿಂದ ಅವ್ವ ಖುಷಿಯಾಗಿ ಹೇಳಿದಳು, ಯಾರೋ ಮ್ಯೂಸಿಯಂನವರು ಬಂದಿದ್ದರು, ನಿನ್ನ ಹಳೆಯ ಗೊಂಬೆ ಕೊಟ್ಟೆ, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ ಎಂದು. ನಾನು ರೇಗಿದೆ. "ನಿನ್ನನ್ನ ಯಾರು ಕೊಡು ಅಂದ್ರು? ಯಾರಾದ್ರೂ ಗುರುತು ಹಿಡಿದ್ರೆ?" ಆಮೇಲೆ ಅವ್ವ ಮ್ಯೂಸಿಯಂ ಎಂಬ ಪದವನ್ನೇ ಎತ್ತಲಿಲ್ಲ. ನಾನೂ ಅವಳ ಬಳಿ ಹೋಗಿರಲಿಲ್ಲ.

"ಅಮ್ಮಾ!" ಗುಬ್ಬಿ ಬೆನ್ನ ಹಿಂದೆಯೇ ನಿಂತಿದ್ದಳು. "ನನ್ನ ಗೊಂಬೆ ರೆಪ್ಪೆ ಯಾಕೆ ಕಿತ್ತೆ?"

"ಕೊಳೆಯಾಗಿದೆ ಪುಟ್ಟಾ. ಒಗೆದು ಹಾಕ್ತೀನಿ. ಇವತ್ತು ಗೊಂಬೆ ಮನೇಲಿರಲಿ."

"ಇಲ್ಲ. ಅವಳೂ ಬರ್ತಾಳೆ. ಬಸ್ಸಲ್ಲಿ ಧೂಳು ಬಂದ್ರೆ ಅವಳ ಕಣ್ಣಿಗೆ?" ಮಗು ಗೊಂಬೆಯನ್ನು ಕಿತ್ತುಕೊಂಡಿತು. ಅರ್ಧ ಬಿಚ್ಚಿದ ರೆಪ್ಪೆ ಒಂದು ಕಡೆಗೆ ಜೋತುಬಿತ್ತು. ಧೂಳಿನ ಮಾತು ನಾನು ಹೇಳಿಕೊಟ್ಟದ್ದಲ್ಲ. ಆಟದಲ್ಲಿ ತಾನೇ ಕಂಡುಕೊಂಡದ್ದು.

"ಅಯ್ಯೋ, ಗೊಂಬೆ ಬಂದ್ರೆ ಟಿಕೆಟ್ ಕೇಳ್ತಾರಾ? ಬರ್ಲಿ ಬಿಡು" ಎಂದರು ಅತ್ತೆ, ಚಪ್ಪಲಿ ಮೆಟ್ಟುತ್ತಾ.

ಮ್ಯೂಸಿಯಂ ಇದ್ದದ್ದು ಮುಚ್ಚಿಹೋದ ಒಂದು ಶಾಲೆಯ ಕಟ್ಟಡದಲ್ಲಿ. ಉದ್ದನೆಯ ಪಡಸಾಲೆ, ಅದರ ಎರಡೂ ಕಡೆ ತರಗತಿಗಳು. ಒಂದೊಂದು ತರಗತಿಯಲ್ಲಿ ಊರಿನ ಒಂದೊಂದು ಕೇರಿಯ ಮಕ್ಕಳ ಆಟಿಕೆ. ಬಿಸಿಲಿಗೆ ಬಣ್ಣ ಹೋಗದಿರಲಿ ಎಂದು ಕಿಟಕಿಗಳಿಗೆಲ್ಲ ದಪ್ಪ ಪರದೆ ಹಾಕಿದ್ದರು. ಹೊರಗಿನ ಬೆಳಕಿನಿಂದ ಒಳಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಕತ್ತಲೆ ಕವಿಯಿತು. ಹಿಂದೆ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ನಮ್ಮ ಹೆಜ್ಜೆಯ ಸದ್ದು ಪಡಸಾಲೆಯ ಆ ತುದಿಗೆ ಹೋಗಿ ವಾಪಸು ಬರುತ್ತಿತ್ತು.

ಮೊದಲ ಕೋಣೆಯಲ್ಲಿ ದೊಡ್ಡ ಮನೆಗಳ ಪಿಂಗಾಣಿ ಗೊಂಬೆಗಳು ಸಾಲಾಗಿ ಕೂತು ಬಾಗಿಲ ಕಡೆಗೇ ನೋಡುತ್ತಿದ್ದವು. ಯಾವ ಕಡೆ ಸರಿದರೂ ಆ ನೀಲಿ ಕಣ್ಣುಗಳು ನನ್ನ ಮೇಲೆಯೇ ಇದ್ದ ಹಾಗೆ ಕಂಡಿತು. ಎರಡನೆಯದು ರೈಲ್ವೆ ಕ್ವಾರ್ಟರ್ಸಿನ ಮಕ್ಕಳದು, ತಗಡು ಕತ್ತರಿಸಿ ಮಾಡಿದ ಸಿಗ್ನಲ್ಲು, ಬೆಂಕಿಪೆಟ್ಟಿಗೆಯ ಬೋಗಿಗಳು. ಆಮೇಲೆ ನೇಕಾರರದು, ನೂಲಿನ ಉರುಳೆಗಳ ಗಾಡಿ. ಆಮೇಲೆ ಮೀನುಗಾರರದು. ಗುಬ್ಬಿ ಪ್ರತಿ ಗಾಜಿಗೂ ಮೂಗು ಒತ್ತಿ ನಿಲ್ಲುತ್ತಿದ್ದಳು, ಗೊಂಬೆಯನ್ನೂ ಎತ್ತಿ ತೋರಿಸುತ್ತಿದ್ದಳು. ನಾನು ಪ್ರತಿ ಬಾಗಿಲ ಮೇಲಿನ ಹಲಗೆಯನ್ನು ಅವಳಿಗಿಂತ ಮೊದಲು ಓದುತ್ತಿದ್ದೆ.

ಅತ್ತೆಯ ಕುದುರೆ ಸಿಕ್ಕಿತು. ಅತ್ತೆ ಸುತ್ತ ಒಂದು ಸುತ್ತು ಬಂದು, "ಎಡಗಿವಿ ಅಂಟಿಸಿದ್ದಾರೆ. ಬಲಗಿವಿ ಕಚ್ಚಿದವನು ಈಗ ವಕೀಲ" ಎಂದರು. ಅಲ್ಲಿದ್ದ ಕಾವಲಿನ ಹೆಂಗಸು ನಕ್ಕಳು. ಅತ್ತೆಗೆ ಇನ್ನೂ ಹುರುಪು ಬಂತು, ಒಂದಾದ ಮೇಲೊಂದು ಕಥೆ ಶುರುವಾಯಿತು. ಹೀಗೇ ಹೊತ್ತು ಕಳೆದು ಹಸಿವಾಗಲಿ, ಸಾಕು ಮನೆಗೆ ಹೋಗೋಣ ಎನ್ನಲಿ ಎಂದು ನಾನು ಕಾಯುತ್ತಿದ್ದೆ.

ಪಕ್ಕಕ್ಕೆ ನೋಡಿದರೆ ಗುಬ್ಬಿ ಇಲ್ಲ.

ಪಡಸಾಲೆಗೆ ಓಡಿದೆ. ಕೊನೆಯ ಬಾಗಿಲ ಹತ್ತಿರ ಅವಳ ಕೆಂಪು ರಿಬ್ಬನ್ ಕಂಡಿತು. ಬಾಗಿಲ ಮೇಲೆ ಬರೆದಿತ್ತು: ಸುಣ್ಣದ ಗೂಡಿನ ಕೇರಿ.

"ಅಮ್ಮಾ, ಬೇಗ ಬಾ! ನನ್ನ ಗೊಂಬೆಗೆ ಅಕ್ಕ ಇದ್ದಾಳೆ!"

ಮಬ್ಬು ದೀಪದ ಕೆಳಗೆ, ಗಾಜಿನ ಪೆಟ್ಟಿಗೆಯಲ್ಲಿ, ನನ್ನ ಹಳೆಯ ಗೊಂಬೆ ಕೂತಿತ್ತು. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಒಂದು ಕಾಲಿನ ಬಟ್ಟೆ ಸುಟ್ಟಿತ್ತು, ಅದು ನಾನು ಒಲೆಯ ಹತ್ತಿರ ಮಲಗಿಸಿದ್ದರಿಂದ ಆದದ್ದು. ಕಣ್ಣಿನ ಮೇಲೆ ರೆಪ್ಪೆ ಎಳೆದಿತ್ತು. ಪಕ್ಕದಲ್ಲಿ ಒಂದು ಫೋಟೋ ಇತ್ತು. ನೋಡಲು ಧೈರ್ಯವಾಗದೆ ಮೊದಲು ಅಂಚು ನೋಡಿದೆ, ಆಮೇಲೆ ಒಳಗೆ. ಬರೀ ಅವ್ವನ ಎರಡು ಕೈ, ಅದರಲ್ಲಿ ಗೊಂಬೆ. ಮುಖವಿಲ್ಲ, ಹೆಸರಿಲ್ಲ. ಕೈಗಳನ್ನು ಯಾರು ಗುರುತು ಹಿಡಿಯುತ್ತಾರೆ?

ಅಷ್ಟರಲ್ಲಿ ಗಾಜಿನ ಪೆಟ್ಟಿಗೆಯ ಆಚೆಯಿಂದ ಒಂದು ಕೆಮ್ಮು ಕೇಳಿಸಿತು. ಮೂರು ಸಲ ಸಣ್ಣದು, ಕೊನೆಗೊಂದು ಉದ್ದನೆಯದು. ಗೂಡಿನ ಹೊಗೆ ಕುಡಿದ ಎದೆಯ ಕೆಮ್ಮು. ಆ ಕೆಮ್ಮನ್ನು ಕೇಳುತ್ತಲೇ ನಾನು ಹತ್ತು ವರ್ಷ ಮಲಗಿ ಎದ್ದಿದ್ದೆ.

"ಬಾ ಮಗಾ, ಇಲ್ಲಿ ಕೂತ್ಕೋ. ನಿನ್ನ ಗೊಂಬೆಗೆ ಏನಾಯ್ತು?"

ಗೋಡೆಯ ಪಕ್ಕದ ಪುಟ್ಟ ಮೇಜಿನ ಹಿಂದೆ ಅವ್ವ ಕೂತಿದ್ದಳು. ಮುಂದೆ ಚೂರು ಬಟ್ಟೆ, ಹತ್ತಿ, ಗುಂಡಿಗಳ ಡಬ್ಬಿ. ಮೇಲೆ ಒಂದು ಚೀಟಿ: ಪ್ರತಿ ತಿಂಗಳ ಮೊದಲ ಶನಿವಾರ, ಗೊಂಬೆ ಮಾಡುವುದನ್ನು ಕಲಿಯಿರಿ.

ಅವ್ವ ತಲೆಯೆತ್ತಿದಳು. ಎಡಗಣ್ಣು ನನಗೆ ನೆನಪಿರುವಾಗಿನಿಂದಲೂ ಬಿಳಿ. ಬಲಗಣ್ಣು ನನ್ನ ಮೇಲೆ ಬಿತ್ತು, ನನ್ನ ಕೈ ಹಿಡಿದಿದ್ದ ಗುಬ್ಬಿಯ ಮೇಲೆ ಇಳಿಯಿತು, ಮತ್ತೆ ಮೇಲೆ ಬಂತು. ಅವಳು ಗುಬ್ಬಿಯನ್ನು ಅದುವರೆಗೆ ಫೋಟೋದಲ್ಲಿ ಮಾತ್ರ ನೋಡಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆಯ ಚಪ್ಪಲಿಯ ಸದ್ದು ಕೇಳಿಸಿತು.

"ಇಲ್ಲಿದ್ದೀರಾ? ನಾನು ಎಲ್ಲೆಲ್ಲಿ ಹುಡುಕೋದು?"

ಅವ್ವ ದೃಷ್ಟಿ ಇಳಿಸಿದಳು. "ಬನ್ನಿ ಅಮ್ಮಾ, ನೀವೂ ಕೂತ್ಕೊಳ್ಳಿ" ಎಂದು ಅತ್ತೆಗೆ ಸ್ಟೂಲು ತೋರಿಸಿದಳು. ನನ್ನ ಕಡೆ ತಿರುಗಿ, "ನೀವೂ" ಎಂದಳು. ನನ್ನವ್ವ ನನ್ನನ್ನು ನೀವು ಎಂದಳು. ಕೂತೆ.

ಗುಬ್ಬಿ ಗೊಂಬೆಯನ್ನು ಅವಳ ಕೈಗೆ ಕೊಟ್ಟಳು. ಅವ್ವ ಜೋತುಬಿದ್ದ ರೆಪ್ಪೆಯನ್ನು ಬೆರಳಲ್ಲಿ ಸವರಿದಳು, ಬಲಗಣ್ಣಿನ ಹತ್ತಿರ ತಂದು ನೋಡಿದಳು. "ಇದು ಹರಿದದ್ದಲ್ಲ. ಬಿಚ್ಚಿದ್ದು."

"ಅಮ್ಮ ಬಿಚ್ಚಿದ್ದು. ಬ್ಲೇಡಲ್ಲಿ."

ಅವಳಿಗೆ ಅರ್ಥವಾಯಿತು. ಬೆಳಿಗ್ಗೆ ನಾನು ಬಾಗಿಲಿಗೆ ಬೆನ್ನು ಮಾಡಿ ಕೂತದ್ದು, ಒಂದೊಂದೇ ಎಳೆ ಕತ್ತರಿಸಿದ್ದು, ಎಲ್ಲವನ್ನೂ ಆ ಬಟ್ಟೆಯ ಅಂಚಿನಲ್ಲಿ ಓದಿದಳು.

"ಯಾಕೆ ಬಿಚ್ಚಿದೆ?" ಅತ್ತೆ ನನ್ನನ್ನು ಕೇಳಿದರು.

"ಕೊಳೆ... ಒಗೆಯೋಣ ಅಂತ."

"ಹೌದಮ್ಮಾ, ಬಿಚ್ಚದೇ ಒಗೆದ್ರೆ ಹತ್ತಿ ಮುದ್ದೆ ಆಗುತ್ತೆ" ಎಂದಳು ಅವ್ವ, ಸೂಜಿಗೆ ದಾರ ಪೋಣಿಸುತ್ತಾ. ಒಂದೇ ಕಣ್ಣಿದ್ದರೂ ಮೊದಲ ಸಲಕ್ಕೇ ದಾರ ಹೋಯಿತು.

"ಈ ಗೊಂಬೆ ನಮ್ಮಮ್ಮನೇ ಮಾಡಿದ್ದು" ಗುಬ್ಬಿ ಹೆಮ್ಮೆಯಿಂದ ಹೇಳಿದಳು.

ಅತ್ತೆ ಗಾಜಿನ ಪೆಟ್ಟಿಗೆಯ ಕಡೆ ತಿರುಗಿದರು. ಅಲ್ಲಿನ ಗೊಂಬೆ ನೋಡಿದರು, ಅವ್ವನ ಕೈಯಲ್ಲಿದ್ದುದನ್ನು ನೋಡಿದರು, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ನೋಡಿದರು. "ಅರೆ! ಅಚ್ಚು ಹೊಡೆದ ಹಾಗಿದೆ. ಇದನ್ನ ನೀನೆಲ್ಲಿ ಕಲಿತೆ?"

ನಾನು ಮೇಜಿನ ಮೇಲಿನ ಚೂರು ಬಟ್ಟೆಯೊಂದನ್ನು ಮಡಿಸತೊಡಗಿದೆ.

"ಗಾರ್ಮೆಂಟ್ಸಲ್ಲಿ ನಮ್ಮ ಗೂಡಿನ ಹುಡುಗೀರು ಬೇಕಾದಷ್ಟು ಜನ ಇದ್ದಾರೆ ಅಮ್ಮಾ" ಅವ್ವ ಹೊಲಿಗೆಯಿಂದ ತಲೆಯೆತ್ತದೆ ಹೇಳಿದಳು. "ಪಕ್ಕದ ಮಶೀನಿನವಳನ್ನ ನೋಡಿ ಕಲಿತಿರ್ತಾರೆ."

ನಾನು ಕಣ್ಣು ಮುಚ್ಚಿಕೊಂಡೆ. ನನ್ನನ್ನು ಕಾಪಾಡಲು ಹೋಗಿ ಅವ್ವನೇ ಸಿಕ್ಕಿಬಿದ್ದಿದ್ದಳು.

"ಇವಳು ಗಾರ್ಮೆಂಟ್ಸಲ್ಲಿದ್ದಳು ಅಂತ ನಿಮಗೆ ಹೇಗೆ ಗೊತ್ತು?" ಎಂದರು ಅತ್ತೆ.

ಸೂಜಿ ಬಟ್ಟೆಯ ನಡುವೆ ನಿಂತಿತು. ಹೊರಗಿನ ಪಡಸಾಲೆಯಲ್ಲಿ ಯಾರದೋ ಮಗು ಓಡಿದ ಸದ್ದು ಬಂದು ಹೋಯಿತು. ಕಿಟಕಿಯ ಪರದೆ ಅಲುಗಿತು. ಅತ್ತೆ ಕಾಯುತ್ತಿದ್ದರು. ರೋಗಿ ನಿಜ ಹೇಳುವವರೆಗೆ ಕಾಯುವುದು ಅವರಿಗೆ ಮೂವತ್ತೆರಡು ವರ್ಷದ ಅಭ್ಯಾಸ.

ಅವ್ವ ಕೈ ಚಾಚಿ ನನ್ನ ಎಡಗೈಯನ್ನು ಎತ್ತಿದಳು. ಯಾರೋ ಅಪರಿಚಿತರ ಕೈ ಹಿಡಿಯುವ ಹಾಗೆ, ತುದಿ ಬೆರಳುಗಳಲ್ಲಿ ಹಿಡಿದು, ತೋರುಬೆರಳನ್ನು ಅತ್ತೆಯ ಕಡೆ ತಿರುಗಿಸಿದಳು. "ಇಲ್ಲಿ ನೋಡಿ. ಉಗುರಿನ ಮೇಲೆ ಕಲೆ. ಮಶೀನಿನ ಸೂಜಿ ಒಳಗೆ ಹೋಗಿ ಮುರಿದದ್ದು. ಮನೇಲಿ ಹೊಲಿಯೋರಿಗೆ ಇದು ಆಗಲ್ಲ. ಕರೆಂಟ್ ಮಶೀನಿನ ಸ್ಪೀಡಿಗೆ ಮಾತ್ರ."

ಅತ್ತೆ ಬಾಗಿ ನೋಡಿದರು. ಅವರ ಮುಖ ಸಡಿಲವಾಯಿತು. "ನಿಜ. ಇಂಥ ಬೆರಳು ನಾನೂ ಎಷ್ಟಕ್ಕೋ ಪಟ್ಟಿ ಕಟ್ಟಿದೀನಿ. ಏನಜ್ಜಿ ನೀವು, ಡಾಕ್ಟರಾಗಬೇಕಿತ್ತು!"

"ನನಗೆ ಓದೋಕೇ ಬರಲ್ಲ" ಎಂದು ಅವ್ವ ನಕ್ಕಳು. ನನ್ನ ಕೈಯನ್ನು ಮೇಜಿನ ಮೇಲೆ ಇಟ್ಟುಬಿಟ್ಟಳು. ಅವಳ ಬೆರಳುಗಳು ತಣ್ಣಗಿದ್ದವು. ಅವಳಿಗೂ ನನ್ನಷ್ಟೇ ಹೆದರಿಕೆಯಾಗಿತ್ತು ಎಂದು ಆಗ ತಿಳಿಯಿತು. "ಮಗಾ, ನಿನಗೆ ಓದೋಕೆ ಬರುತ್ತಾ? ಆ ಪೆಟ್ಟಿಗೆ ಮೇಲೆ ನನ್ನ ಗೊಂಬೆ ಬಗ್ಗೆ ಏನು ಬರೆದಿದ್ದಾರೆ ಓದು. ಇವರು ಯಾರೂ ನನಗೆ ಹೇಳೇ ಇಲ್ಲ."

ಗುಬ್ಬಿ ಗಾಜಿನ ಹತ್ತಿರ ಹೋಗಿ ಅಕ್ಷರ ಕೂಡಿಸಿ ಓದಿದಳು. "ಕುರುಡು ಗೊಂಬೆ. ಈ ಜನರು ಗೊಂಬೆಗೆ ಜೀವ ಬರುತ್ತದೆ ಎಂದು ಹೆದರಿ ಅದರ ಕಣ್ಣುಗಳನ್ನು ಮುಚ್ಚುತ್ತಿದ್ದರು."

ಅವ್ವನ ಸೂಜಿ ಮತ್ತೆ ನಿಂತಿತು. "ಕುರುಡು ಅಂತ ಬರೆದಿದ್ದಾರಾ?" ಒಂದು ಹೊಲಿಗೆ ಹಾಕಿ, "ಹೆದರಿಕೆಗೆ ಮುಚ್ಚೋದು ಅಂತ ನಾನೇ ಅಂದಿದ್ದೆ. ಯಾವ ಹೆದರಿಕೆ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ" ಎಂದಳು.

"ಯಾವ ಹೆದರಿಕೆ ಅಜ್ಜಿ?"

"ಸುಟ್ಟ ಸುಣ್ಣ ತೆಗೆಯೋಕೆ ಗೂಡು ಬಿಚ್ಚೋ ದಿನ ಗಾಳಿ ಬಂದ್ರೆ ಸುಣ್ಣ ಹಾರುತ್ತೆ. ಕಣ್ಣಿಗೆ ಬಿದ್ರೆ ಕಣ್ಣು ಹೋಯ್ತು. ದೊಡ್ಡವರು ಗಂಟೆ ಹೊಡೀತಾರೆ. ಗಂಟೆ ಕೇಳಿದ ಕೂಡ್ಲೇ ಮಕ್ಕಳು ಗೊಂಬೆ ರೆಪ್ಪೆ ಎಳೀಬೇಕು, ಆಮೇಲೆ ತಮ್ಮ ಕಣ್ಣಿಗೆ ಬಟ್ಟೆ ಕಟ್ಕೋಬೇಕು. ನಿನ್ನ ಕಣ್ಣು ಮುಚ್ಕೋ ಅಂದ್ರೆ ಮಕ್ಕಳು ಕೇಳಲ್ಲ. ಗೊಂಬೆ ಕಣ್ಣು ಮುಚ್ಚು ಅಂದ್ರೆ ಓಡಿ ಹೋಗಿ ಮುಚ್ತಾರೆ. ನಮ್ಮ ಹೆಂಗಸರು ಮಕ್ಕಳಿಗೆ ಮಾತು ಬರೋಕೆ ಮೊದಲೇ ಈ ಗೊಂಬೆ ಮಾಡಿಕೊಡೋದು ಅದಕ್ಕೆ."

ಅತ್ತೆ ನರ್ಸಿನ ದನಿಯಲ್ಲಿ ಕೇಳಿದರು. "ಹಾಗಿದ್ರೆ ನಿಮ್ಮ ಕಣ್ಣು?"

"ಗಂಟೆ ಹೊಡೆಯೋಕೆ ಮೊದಲೇ ಗಾಳಿ ಬಂತು. ಕೈಲಿ ಒಂದೇ ಬಟ್ಟೆ ಇತ್ತು, ನಾವು ಇಬ್ಬರಿದ್ವಿ."

"ಇನ್ನೊಬ್ರು ಯಾರು?" ಎಂದಳು ಗುಬ್ಬಿ.

"ನನ್ನ ಮಗಳು. ನಿನಗಿಂತ ಸಣ್ಣವಳು ಆಗ."

ನನಗೆ ಇದು ಗೊತ್ತಿರಲಿಲ್ಲ. ಅವ್ವನ ಕಣ್ಣು ನಾನು ಹುಟ್ಟುವ ಮೊದಲೇ ಹೋದದ್ದು ಎಂದು ನಂಬಿದ್ದೆ. ನನಗೆ ಹಾಗೇ ಹೇಳಿದ್ದಳು.

"ಮಗಳು ಈಗ ಎಲ್ಲಿದ್ದಾಳೆ?" ಅತ್ತೆ ಕೇಳಿದರು.

"ಚೆನ್ನಾಗಿದ್ದಾಳೆ ಅಮ್ಮಾ. ಒಳ್ಳೆ ಮನೆ ಸೇರಿದಾಳೆ."

"ನೋಡೋಕೆ ಬರ್ತಾಳಾ?"

"ಬಿಡುವಾದಾಗ ಬರ್ತಾಳೆ." ಅವ್ವ ಕೊನೆಯ ಹೊಲಿಗೆ ಹಾಕಿ, ಸೂಜಿಯನ್ನು ಮೂರು ಸಲ ಹಿಂದಕ್ಕೆ ಹಾಯಿಸಿ, ಗಂಟನ್ನು ಬಟ್ಟೆಯೊಳಕ್ಕೆ ಅಡಗಿಸಿ, ದಾರವನ್ನು ಹಲ್ಲಿನಿಂದ ಕಡಿದಳು. ಗೊಂಬೆಯ ರೆಪ್ಪೆ ಎಳೆದು, ಎತ್ತಿ, ಸರಿಯಿದೆಯೇ ನೋಡಿ ಗುಬ್ಬಿಗೆ ಕೊಟ್ಟಳು. ಕೊಡುವಾಗ ಮಗುವಿನ ಕೆನ್ನೆಯ ಹತ್ತಿರ ಅವಳ ಕೈ ಹೋಯಿತು. ಮುಟ್ಟಲಿಲ್ಲ. ಗುಂಡಿಗಳ ಡಬ್ಬಿಯ ಕಡೆಗೆ ಹೊರಳಿತು.

ನಾವು ಎದ್ದೆವು. ಬಾಗಿಲ ಹತ್ತಿರ ತಿರುಗಿ ನೋಡಿದೆ. ಅವ್ವ ತಲೆ ತಗ್ಗಿಸಿ ಚೂರು ಬಟ್ಟೆಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದಳು. ಅವಳ ಮುಂದಿನ ಗಾಜಿನ ಮೇಲೆ ದೀಪದ ಬೆಳಕಿನಲ್ಲಿ ಕುರುಡು ಎಂಬ ಅಕ್ಷರಗಳು ದೂರಕ್ಕೂ ಕಾಣುತ್ತಿದ್ದವು.

ಬಸ್ಸಿನಲ್ಲಿ ಗುಬ್ಬಿ ಗೊಂಬೆಯ ಕಣ್ಣು ಮುಚ್ಚಿ, ತಾನೂ ಮುಚ್ಚಿ, ನನ್ನ ತೊಡೆಯ ಮೇಲೆ ನಿದ್ದೆಹೋದಳು. ಅತ್ತೆ ತುಂಬ ಹೊತ್ತು ಹೊರಗೆ ನೋಡುತ್ತಾ ಕೂತಿದ್ದರು.

"ನಾನು ಆ ಜನರನ್ನ ಎಷ್ಟು ಬೈದಿದೀನಿ" ಎಂದರು ಕೊನೆಗೆ. ನನ್ನಲ್ಲಿ ಏನೋ ಒಂದು ಸಣ್ಣಗೆ ತಲೆಯೆತ್ತಿತು. ಈಗ ಹೇಳಿದರೆ? ಆದರೆ ಅವರು ಇನ್ನೂ ಮುಗಿಸಿರಲಿಲ್ಲ. "ಆ ಮಗಳು ಎಂಥವಳಿರಬೇಕು ಹೇಳು. ತನಗಾಗಿ ಕಣ್ಣು ಕಳ್ಕೊಂಡ ತಾಯಿ ಅಲ್ಲಿ ಗೋಡೆ ಪಕ್ಕ ಕೂತು ಕೆಮ್ಮುತಾ ಇದ್ದಾಳೆ. ಇವಳಿಗೆ ಬಿಡುವಾದಾಗ ಬರ್ತಾಳಂತೆ. ಅಂಥವಳು ನನ್ನ ಸೊಸೆಯಾಗಿದ್ರೆ ಹೊಸಿಲು ತುಳಿಯೋಕೆ ಬಿಡ್ತಿರಲಿಲ್ಲ."

ಬಸ್ಸು ಗುಂಡಿಗೆ ಇಳಿದು ಹತ್ತಿತು. ನಾನು ಮಗುವಿನ ತಲೆ ಹಿಡಿದುಕೊಂಡೆ. ಅಷ್ಟು ವರ್ಷ ನಾನು ಹೆದರಿದ್ದು ಗೂಡಿನ ಹೆಸರಿಗೆ. ಈಗ ಹೆದರಿಕೆ ಬೇರೆಯದಾಗಿತ್ತು. ಇದರಲ್ಲಿ ಅತ್ತೆಯ ಮಾತು ತಪ್ಪು ಎಂದು ಹೇಳಲು ನನ್ನ ಬಳಿ ಏನೂ ಇರಲಿಲ್ಲ.

ಸಂಜೆ ಡಿಪೋದಿಂದ ಬಂದ ಗಂಡ ಗ್ರೀಸಿನ ಕೈ ತೊಳೆಯುತ್ತಾ, "ಹೇಗಿತ್ತು?" ಎಂದರು. "ಚೆನ್ನಾಗಿತ್ತು" ಎಂದೆ. ಗುಬ್ಬಿ ನೆಲದ ಮೇಲೆ ಮಲಗಿ ಚಿತ್ರ ಬರೆಯುತ್ತಿದ್ದಳು. ಬರೆದದ್ದು ಅಜ್ಜಿಯ ಕುದುರೆಯನ್ನಲ್ಲ. ಮೇಜು, ಮೇಜಿನ ಹಿಂದೆ ಒಬ್ಬಳು ಹೆಂಗಸು, ಅವಳಿಗೆ ಒಂದು ಕಣ್ಣು ಕಪ್ಪು, ಒಂದು ಕಣ್ಣು ಬಿಳಿ. ಕೆಳಗೆ ಏನು ಬರೆಯಲಿ ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದೆ.

ಬ್ಲೇಡು ಬೆಳಿಗ್ಗೆ ಬಿಟ್ಟ ಜಾಗದಲ್ಲೇ ಇತ್ತು. ಅದನ್ನು ಕಾಗದದಲ್ಲಿ ಸುತ್ತಿ ಡಬ್ಬಿಯ ತಳಕ್ಕೆ ಹಾಕಿದೆ. ಗೊಂಬೆಯನ್ನು ಎತ್ತಿಕೊಂಡು ನೋಡಿದರೆ ಹಣೆಯ ಮೇಲೆ ಅರ್ಧ ನನ್ನ ಹೊಲಿಗೆ, ಅರ್ಧ ಅವ್ವನದು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ನನಗೇ ತಿಳಿಯಲಿಲ್ಲ. ಗಾಜಿನ ಮೇಲಿನ ಆ ಪದವನ್ನು ಯಾರಾದರೂ ತೆಗೆಸಬೇಕು. ಅವ್ವನಿಗೆ ಓದಲು ಬರುವುದಿಲ್ಲ. ಅದು ತಪ್ಪು ಎಂದು ಹೇಳಹೋದವರನ್ನು ಮ್ಯೂಸಿಯಂನವರು ಮೊದಲು ಕೇಳುವುದು, ನೀವು ಯಾರು ಎಂದು.

ಬಾಗಿಲಲ್ಲಿ ಮೂರನೆಯ ಮನೆಯ ಟೀಚರಮ್ಮ ಬಟ್ಟೆಯ ಗಂಟು ಹಿಡಿದು ನಿಂತಿದ್ದರು. "ಮುಂದಿನ ತಿಂಗಳ ಮೊದಲ ಶನಿವಾರಕ್ಕೆ ಬೇಕು, ಅಷ್ಟರೊಳಗೆ ಆಗುತ್ತಾ? ಬೆಳಿಗ್ಗೆ ಬಂದು ತಗೊಂಡು ಹೋಗ್ತೀನಿ."

ನಾನು ಗೋಡೆಯ ಕ್ಯಾಲೆಂಡರಿನ ಹಾಳೆ ತಿರುವಿ ನೋಡಿದೆ. ಮೊದಲ ವಾರದ ಎಲ್ಲ ಚೌಕಗಳಲ್ಲೂ ಆರ್ಡರುಗಳನ್ನು ಬರೆದಿದ್ದೆ. ಆ ಶನಿವಾರದ ಚೌಕ ಮಾತ್ರ ಖಾಲಿಯಿತ್ತು.

"ಶುಕ್ರವಾರವೇ ತಗೊಂಡು ಹೋಗಿ. ಶನಿವಾರ ನಾನು ಇರಲ್ಲ."

"ಯಾಕೆ, ಎಲ್ಲಿಗೆ ಹೋಗ್ತಿದೀಯಾ?" ಅಡುಗೆಮನೆಯಿಂದ ಅತ್ತೆಯ ದನಿ.

"ಏನಿಲ್ಲ ಅತ್ತೆ, ಸ್ವಲ್ಪ ಕೆಲಸ ಇದೆ" ಎಂದೆ. ಟೇಪು ತೆಗೆದುಕೊಂಡು ಟೀಚರಮ್ಮನ ಭುಜದ ಅಳತೆ ತೆಗೆಯಲು ನಿಂತೆ.